ಸೊಂಟದ ಮೇಲಿನ ಏಳುನೂರು ಗ್ರಾಂ

ರಿವಾಲ್ವರೋ, ಪಿಸ್ತೂಲೋ? ಕೋಲಾರ ಸೀಮೆಯಲ್ಲಿ ಗನ್ ಲೈಸೆನ್ಸ್ ಕೈಗೆ ಬಂದವರು ಮೊದಲು ಕೇಳುವ ಪ್ರಶ್ನೆ ಇದು. ಕಾನೂನು ಅರ್ಧ ಉತ್ತರ ಕೊಡುತ್ತದೆ, ಜೇಬು ಇನ್ನೊಂದಿಷ್ಟು ಕೊಡುತ್ತದೆ. ಉಳಿದದ್ದು ಕೈಯ ಅಭ್ಯಾಸಕ್ಕೆ ಬಿಟ್ಟದ್ದು. ಆದರೆ ಮಚ್ಚು ಹಿಡಿದವನು 21 ಅಡಿ ದೂರದಲ್ಲಿದ್ದರೆ?

ಆಯುಧಪೂಜೆಯ ಬೆಳಿಗ್ಗೆ. ಶ್ರೀನಿವಾಸಪುರದ ಮಾವಿನ ಮಂಡಿಯೊಂದರ ಅಂಗಳ. ಟ್ರ್ಯಾಕ್ಟರಿನ ಮೂತಿಗೆ ಬಾಳೆಕಂದು ಕಟ್ಟಿದ್ದಾರೆ. ತೂಕದ ಯಂತ್ರಕ್ಕೆ ಚೆಂಡುಹೂವಿನ ಹಾರ ಬಿದ್ದಿದೆ. ಕುಂಕುಮ ತುಂಬಿದ ಬೂದುಗುಂಬಳ ಬಾಗಿಲಲ್ಲಿ ಕಾದಿದೆ. ಒಳಗೆ, ಲೆಕ್ಕದ ಪುಸ್ತಕ ಮತ್ತು ಲಾರಿ ಕೀಲಿಗಳ ಪಕ್ಕದಲ್ಲಿ, ಬಿಳಿ ಬಟ್ಟೆಯ ಮೇಲೆ ಒಂದು ರಿವಾಲ್ವರ್. ಅದನ್ನು ನಡುವಿಗೆ ಬಗ್ಗಿಸಿ ತೆರೆದಿಟ್ಟಿದ್ದಾರೆ. ಸಿಲಿಂಡರಿನ ಆರು ತೂತುಗಳಲ್ಲೂ ಬೆಳಕು ಹಾಯುತ್ತಿದೆ.

“ಇನ್ನೂ ಎಷ್ಟು ವರ್ಷ ಇದನ್ನೇ ಇಟ್ಕೊತೀರಾ ಮಾವ? ಈಗೆಲ್ಲಾ ಪಿಸ್ತೂಲೇ. ತೆಳ್ಳಗಿರುತ್ತೆ, ಶರ್ಟ್ ಒಳಗಿದ್ರೆ ಗೊತ್ತೇ ಆಗಲ್ಲ,” ಎನ್ನುತ್ತಾನೆ ಹಬ್ಬಕ್ಕೆ ಬಂದ ಅಳಿಯ.

“ನೀವು ತೊಗೊಳ್ಳಿ ಅಳಿಯಂದ್ರೆ, ಬೇಡ ಅನ್ನಲ್ಲ. ಇದನ್ನ ಬಗ್ಗಿಸಿದ್ರೆ ಒಳಗೆ ಗುಂಡಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ. ಮನೇಲಿ ಮೊಮ್ಮಕ್ಕಳು ಓಡಾಡ್ತಾವೆ. ನನಗೆ ಅಷ್ಟು ಸಾಕು.”

ಮಂಡಿ ಯಜಮಾನರ ಈ ಎರಡು ಮಾತಿನಲ್ಲಿ ಇರುವಷ್ಟು ತಿಳಿವಳಿಕೆ ಬಂದೂಕು ಕಂಪನಿಗಳ ಬಣ್ಣದ ಹಾಳೆಗಳಲ್ಲಿ ಇರುವುದಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಗೆ ಬಂದೂಕು ಹೊಸದಲ್ಲ. ಆದರೆ ಹಳೆಯ ಲೈಸೆನ್ಸುಗಳು ಹೆಚ್ಚಾಗಿ ಉದ್ದ ನಳಿಗೆಯವು. ಕಡತಗಳಲ್ಲಿ ಎಸ್‌ಬಿಬಿಎಲ್, ಡಿಬಿಬಿಎಲ್ ಎಂದು ಬರೆಯುವ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳು. ರಾಗಿ ಹೊಲಕ್ಕೆ ನುಗ್ಗುವ ಹಂದಿಯನ್ನು ಬೆದರಿಸಲು, ತೋಟದ ಒಂಟಿ ಮನೆಯ ಕಾವಲಿಗೆ ಎಂದು ಪಡೆದವು. ಅವನ್ನು ಯಾರೂ ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಗೆ ಹೋಗುವುದಿಲ್ಲ.

ಸೊಂಟದ ಆಯುಧದ ಆಸೆ ಬೇರೆ ಕಡೆಯಿಂದ ಬಂತು. ನರಸಾಪುರ, ವೇಮಗಲ್, ಮಾಲೂರಿನಲ್ಲಿ ಕೈಗಾರಿಕಾ ಪ್ರದೇಶಗಳು ಎದ್ದವು. ರಾಗಿ ಬೆಳೆಯುತ್ತಿದ್ದ ಭೂಮಿ ಎಕರೆಗಳ ಲೆಕ್ಕ ಬಿಟ್ಟು ಚದರಡಿಗಳ ಲೆಕ್ಕಕ್ಕೆ ಇಳಿಯಿತು. ಲೇಔಟ್ ಮಾಡುವವರು, ಕ್ರಷರ್ ನಡೆಸುವವರು, ಬಾರ್ ಮಾಲೀಕರು, ತಾಲ್ಲೂಕು ಮಟ್ಟದ ಮುಖಂಡರು ಹುಟ್ಟಿಕೊಂಡರು. ಜೊತೆಗೆ ಮಾವು ಮತ್ತು ಟೊಮೆಟೊದ ನಗದು ವ್ಯಾಪಾರ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ರೈತರು ದೊಣ್ಣೆ ಹಿಡಿದು ತೋಟ ಕಾದರು. ಕೋಲಾರದಿಂದ ಜೈಪುರಕ್ಕೆ ಹೊರಟ ಟೊಮೆಟೊ ಲಾರಿಯೇ ದಾರಿಯಲ್ಲಿ ಕಾಣೆಯಾದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹಣ ಇರುವ ಕಡೆ ಭಯವೂ ಇರುತ್ತದೆ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಅಂಗಡಿಗೆ ಮುಂಚೆ ಕಾನೂನು

ಅಮೆರಿಕದವರು ನೂರಾರು ಮಾದರಿ ಮುಂದಿಟ್ಟುಕೊಂಡು ಈ ಚರ್ಚೆ ಮಾಡುತ್ತಾರೆ. ನಮ್ಮಲ್ಲಿ ಆಯ್ಕೆಯ ಬಹುಪಾಲನ್ನು ಸರ್ಕಾರವೇ ಮುಗಿಸಿಬಿಟ್ಟಿದೆ.

1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ, ಪೊಲೀಸರ ಮತ್ತು ಸೇನೆಯ 9 ಎಂಎಂ, .38, .45, .455 ಅಳತೆಯ ಕೈಬಂದೂಕುಗಳು ಸಾಮಾನ್ಯ ನಾಗರಿಕನಿಗೆ ಇಲ್ಲ. ಜಿಲ್ಲಾಧಿಕಾರಿ ಕಚೇರಿಯಿಂದ ಸಿಗುವ ಲೈಸೆನ್ಸಿಗೆ ದಕ್ಕುವುದು ಮುಖ್ಯವಾಗಿ .32 ಅಳತೆ, ಅದಕ್ಕಿಂತ ಚಿಕ್ಕದು ಬೇಕೆಂದರೆ .22, .25. 1980ರ ದಶಕದ ನಡುವಿನಿಂದ ನಾಗರಿಕರಿಗಾಗಿ ವಿದೇಶಿ ಕೈಬಂದೂಕು ತರಿಸುವುದು ನಿಂತಿದೆ. ಹಾಗಾಗಿ ಅದಕ್ಕೂ ಮೊದಲು ಬಂದ ಹಳೆಯ ವೆಬ್ಲಿ, ವಾಲ್ಥರ್‌ಗಳು ಈಗ ಕೈಯಿಂದ ಕೈಗೆ ಲಕ್ಷಗಳ ಬೆಲೆಗೆ ಹೋಗುತ್ತವೆ. ಅಷ್ಟು ಹಣ ಕೊಟ್ಟು ತಂದದ್ದು ಒಳಗಿನ ಸ್ಪ್ರಿಂಗ್ ಸವೆದ ಹಳೆಯ ಯಂತ್ರವಾಗಿರಬಹುದು ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ.

ಉಳಿದದ್ದು ದೇಶದಲ್ಲೇ ತಯಾರಾದದ್ದು. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ವೆಬ್ಲಿಯ ಹಳೆಯ ಮಾದರಿಯಂತೆ ನಳಿಗೆಯನ್ನು ಮುಂದಕ್ಕೆ ಬಗ್ಗಿಸಿದರೆ ಆರೂ ಖಾಲಿ ತೋಟಾಗಳು ಒಟ್ಟಿಗೆ ಮೇಲೇಳುತ್ತವೆ. ಅದೇ ಕಾನ್ಪುರದಿಂದ 2014ರ ಜನವರಿಯಲ್ಲಿ ಟೈಟಾನಿಯಂ ಮಿಶ್ರಲೋಹದ ‘ನಿರ್ಭೀಕ್’ ಬಂತು. ತೂಕ 500 ಗ್ರಾಂ, ಆಗಿನ ಬೆಲೆ ಒಂದೂಕಾಲು ಲಕ್ಷದ ಹತ್ತಿರ. ದೆಹಲಿಯ ಅತ್ಯಾಚಾರ ಪ್ರಕರಣದ ನಂತರ ಮಹಿಳೆಯರಿಗಾಗಿ ಎಂದು ಪ್ರಚಾರ ಮಾಡಿದರು. ಆ ಬೆಲೆ ಕೊಡಬಲ್ಲ ಹೆಣ್ಣುಮಕ್ಕಳು ಎಷ್ಟು ಮಂದಿ, ರಾತ್ರಿ ಬಸ್ಸಿಗೆ ಕಾಯುವವರು ಎಷ್ಟು ಮಂದಿ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ನ್ಯಾಯವಾದ ಪ್ರಶ್ನೆ. 2023ರ ಆಗಸ್ಟ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ‘ಪ್ರಬಲ್’ ಬಂತು, ಸುಮಾರು 700 ಗ್ರಾಂ. ಪಿಸ್ತೂಲಿನ ಪಾಳಿಯಲ್ಲಿ ಸರ್ಕಾರಿ ಕಾರ್ಖಾನೆಗಳ .32 ‘ಅಶನಿ’ ಇದೆ.

ಬಾಕ್ಸ್

ಎರಡೂ ‘.32’, ಗುಂಡು ಬೇರೆ
ರಿವಾಲ್ವರಿನ .32 ತೋಟಾಕ್ಕೆ ಹಿಂಬದಿಯಲ್ಲಿ ಅಗಲವಾದ ಅಂಚಿರುತ್ತದೆ. ಅದರ ಹಿತ್ತಾಳೆ ಕವಚ 23 ಎಂಎಂ ಉದ್ದ. ಪಿಸ್ತೂಲಿನ .32, ಅಂದರೆ 7.65 ಎಂಎಂ, ಕವಚ 17 ಎಂಎಂ. ಒಂದರದ್ದು ಇನ್ನೊಂದಕ್ಕೆ ಅಲ್ಲ. ಮಾತಿನಲ್ಲಿ ಎರಡಕ್ಕೂ ‘ಪಾಯಿಂಟ್ ತರ್ಟಿ ಟೂ’ ಎನ್ನುವುದರಿಂದ ತೋಟಾ ಕೊಳ್ಳುವಾಗ ಆಯುಧ ಯಾವುದು ಎಂದು ಬಿಡಿಸಿ ಹೇಳಬೇಕು.
ಚಿಕ್ಕ ಗುಂಡು ಎಂದು ಅಸಡ್ಡೆ ಬೇಡ. 2015ರಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಗೌರಿ ಲಂಕೇಶ್ ಅವರ ಹತ್ಯೆಗೆ ಬಳಕೆಯಾದದ್ದು 7.65 ಎಂಎಂ ನಾಡ ಪಿಸ್ತೂಲು.

ಕುದುರೆ ಎಳೆದಾಗ ಏನಾಗುತ್ತದೆ

ರಿವಾಲ್ವರಿನ ಮೂಲ ತತ್ವ ಸ್ಯಾಮ್ಯುಯಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು. ಸಿಲಿಂಡರಿನಲ್ಲಿ ಆರು ಕೋಣೆ, ಒಂದೊಂದರಲ್ಲಿ ಒಂದು ತೋಟಾ. ಕುದುರೆ ಎಳೆದರೆ ಸಿಲಿಂಡರ್ ಒಂದು ಹೆಜ್ಜೆ ತಿರುಗುತ್ತದೆ, ಸುತ್ತಿಗೆ ಬೀಳುತ್ತದೆ. ಈ ಕೆಲಸಕ್ಕೆಲ್ಲ ಶಕ್ತಿ ಬರುವುದು ಬೆರಳಿನಿಂದಲೇ. ಒಂದು ತೋಟಾ ಸಿಡಿಯದಿದ್ದರೆ ಮತ್ತೆ ಎಳೆದರಾಯಿತು, ಮುಂದಿನ ಕೋಣೆ ಬಂದು ನಿಲ್ಲುತ್ತದೆ. ವರ್ಷಗಟ್ಟಲೆ ಬೀರುವಿನಲ್ಲಿದ್ದ ತೋಟಾಗಳ ವಿಷಯದಲ್ಲಿ ಇದು ದೊಡ್ಡ ಅನುಕೂಲ.

ಪಿಸ್ತೂಲಿನಲ್ಲಿ ಶಕ್ತಿ ಬರುವುದು ಗುಂಡಿನಿಂದಲೇ. ಸಿಡಿತದ ಒದೆತಕ್ಕೆ ಮೇಲಿನ ಸ್ಲೈಡ್ ಹಿಂದೆ ಸರಿದು, ಖಾಲಿ ಕವಚವನ್ನು ಹೊರಗೆಸೆದು, ಮ್ಯಾಗಜೀನಿನಿಂದ ಹೊಸದನ್ನು ತಳ್ಳಿಕೊಂಡು ಮುಂದೆ ಬರುತ್ತದೆ. ಜಾನ್ ಬ್ರೌನಿಂಗ್ ಈ .32 ಪಿಸ್ತೂಲು ತೋಟಾವನ್ನು ರೂಪಿಸಿದ್ದು 1899ರ ಹೊತ್ತಿಗೆ. ಇಂದಿಗೂ ಅದೇ ನಡೆದಿದೆ. ಅಶನಿಯ ಮ್ಯಾಗಜೀನಿನಲ್ಲಿ ಎಂಟು ಗುಂಡು. ಮೈ ಚಪ್ಪಟೆ, ಸಿಲಿಂಡರಿನ ಉಬ್ಬಿಲ್ಲ. ಇನ್ನೊಂದು ಮ್ಯಾಗಜೀನ್ ಇದ್ದರೆ ಕ್ಷಣದಲ್ಲಿ ಬದಲಿಸಬಹುದು. ದಿನವಿಡೀ ಮೈಮೇಲೆ ಇಟ್ಟುಕೊಳ್ಳುವವರು ಪಿಸ್ತೂಲಿನತ್ತ ವಾಲುವುದಕ್ಕೆ ಕಾರಣವಿದೆ.

ಆದರೆ ಅದಕ್ಕೆ ಕೆಲವು ಷರತ್ತುಗಳಿವೆ. ಹಿಡಿತ ಗಟ್ಟಿಯಿರಬೇಕು. ಗಾಬರಿಯಲ್ಲಿ ಮಣಿಕಟ್ಟು ಸಡಿಲವಾದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಕವಚ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡದ್ದನ್ನು ಬಿಡಿಸಲು ಎರಡು ಕೈ ಬೇಕು, ಅಭ್ಯಾಸ ಬೇಕು. ಮ್ಯಾಗಜೀನಿನ ತುಟಿ ಸ್ವಲ್ಪ ಸೊಟ್ಟಗಾದರೂ ತೊಂದರೆ. ಏಪ್ರಿಲ್ ತಿಂಗಳಲ್ಲಿ ಬನಿಯನ್ನಿನ ಪಕ್ಕದಲ್ಲಿ ಕುಳಿತ ಉಕ್ಕಿಗೆ ಬೆವರಿನ ಉಪ್ಪು ತಾಗಿ ತುಕ್ಕು ಹಿಡಿಯುವುದು ರಿವಾಲ್ವರಿಗೂ ಉಂಟು. ಆದರೆ ಒಳಗಿನ ಹೊಲಸಿಗೆ ಮೊದಲು ಮುನಿಸಿಕೊಳ್ಳುವುದು ಪಿಸ್ತೂಲೇ.

ಜೀವ ತೆಗೆಯುವ ತಪ್ಪು ಇನ್ನೊಂದಿದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಬ್ಬರು ಪಿಸ್ತೂಲಿನ ಮ್ಯಾಗಜೀನ್ ತೆಗೆಯುತ್ತಾರೆ. ಅದು ಕೈಯಲ್ಲಿದೆ, ಗುಂಡುಗಳು ಅದರಲ್ಲೇ ಕಾಣುತ್ತಿವೆ. ಪಿಸ್ತೂಲು ಖಾಲಿ ಎಂದು ಮನಸ್ಸು ನಂಬುತ್ತದೆ. ಆದರೆ ಹಿಂದೆ ಯಾವಾಗಲೋ ಸ್ಲೈಡ್ ಎಳೆದಿದ್ದರೆ, ನಳಿಗೆಯ ಹಿಂಬದಿಯ ಕೋಣೆಯಲ್ಲಿ ಒಂದು ಗುಂಡು ಕುಳಿತೇ ಇರುತ್ತದೆ. ಹೊರಗಿನಿಂದ ಕಾಣುವುದಿಲ್ಲ. “ಖಾಲಿ ಇದೆ, ನೋಡು” ಎಂದು ಕುದುರೆ ಎಳೆದರೆ ಅದು ಸಿಡಿಯುತ್ತದೆ. ಸರಿಯಾದ ಕ್ರಮ ಒಂದೇ: ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ಹಿಂದೆ, ಕೋಣೆಯೊಳಗೆ ಕಣ್ಣಿಟ್ಟು ನೋಡಿ, ಕಿರುಬೆರಳು ಹಾಕಿ ಮುಟ್ಟಿ ಖಚಿತ. ಈ ಕ್ರಮ ತಿರುಗುಮುರುಗಾದರೆ, ಅಂದರೆ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ, ಹೊಸ ಗುಂಡು ಕೋಣೆಗೆ ಸೇರಿಯೇ ಇರುತ್ತದೆ.

ಮಂಡಿ ಯಜಮಾನರು “ಕಣ್ಣಿಗೇ ಕಾಣುತ್ತೆ” ಎಂದದ್ದು ಈ ಕಾರಣಕ್ಕೆ.

ರಿವಾಲ್ವರಿನ ದೋಷವನ್ನೂ ಹೇಳಿಬಿಡಬೇಕು. ಕುದುರೆ ಭಾರ. ಸುತ್ತಿಗೆಯನ್ನು ಮೊದಲೇ ಎಳೆದಿಡದೆ ಹೊಡೆದರೆ ಬೆರಳಿನ ಭಾರಕ್ಕೆ ಕೈ ಅಲುಗಿ ಗುರಿ ತಪ್ಪುತ್ತದೆ. ಆರು ಮುಗಿದ ಮೇಲೆ ಮತ್ತೆ ತುಂಬಿಸುವುದು ನಿಧಾನ. ಒಳಗಿನ ಹಲ್ಲು ಸವೆದು ಸಿಲಿಂಡರ್ ಸಾಲು ತಪ್ಪಿದರೆ ನುರಿತ ಕೆಲಸಗಾರನೇ ಬೇಕು, ಅಂಥವರು ಈ ನಾಲ್ಕು ತಾಲ್ಲೂಕಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಅಮೆರಿಕದ ಪೊಲೀಸರು ಏಕೆ ಬದಲಾದರು

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐನ ಎಂಟು ಮಂದಿ ಇಬ್ಬರು ದರೋಡೆಕೋರರನ್ನು ತಡೆದರು. ಎಫ್‌ಬಿಐನ ಇಬ್ಬರು ಸತ್ತರು, ಐವರು ಗಾಯಗೊಂಡರು. ಹೆಚ್ಚಿನವರ ಕೈಯಲ್ಲಿದ್ದದ್ದು ರಿವಾಲ್ವರ್. ಗಾಯಗೊಂಡ ಕೈಯಲ್ಲಿ ಅದಕ್ಕೆ ಗುಂಡು ತುಂಬುವುದು ದುಸ್ತರವಾಯಿತು. ಅದಾದ ಮೇಲೆ ಎಫ್‌ಬಿಐ ಪಿಸ್ತೂಲಿಗೆ ಹೊರಳಿತು, ಅಲ್ಲಿನ ಪೊಲೀಸ್ ಇಲಾಖೆಗಳೂ ಅದೇ ದಾರಿ ಹಿಡಿದವು.

ಪಿಸ್ತೂಲೇ ಶ್ರೇಷ್ಠ ಎನ್ನುವವರು ಈ ಕಥೆಯನ್ನು ತಪ್ಪದೆ ಹೇಳುತ್ತಾರೆ. ಆದರೆ ಇದು ಸಂಬಳ ಪಡೆದು, ಸರ್ಕಾರದ ಗುಂಡಿನಲ್ಲಿ ನಿಯಮಿತವಾಗಿ ಅಭ್ಯಾಸ ಮಾಡುವವರ ಕಥೆ. ಅಂಥವರಿಗೂ ಗುರಿ ಎಷ್ಟರಮಟ್ಟಿಗೆ ಸಿಗುತ್ತದೆ? ನ್ಯೂಯಾರ್ಕ್ ಪೊಲೀಸರ ಬಗ್ಗೆ ರ‍್ಯಾಂಡ್ ಸಂಸ್ಥೆ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಕಾಳಗಗಳಲ್ಲಿ ಪೊಲೀಸರ ನೂರು ಗುಂಡಿಗೆ ತಗುಲಿದ್ದು ಸರಾಸರಿ 18. ಉಳಿದ 82 ಬೇರೆಲ್ಲೋ ಹೋದವು.

ನಮ್ಮ ಲೈಸೆನ್ಸ್‌ದಾರನಿಗೆ ಎಷ್ಟು ಅಭ್ಯಾಸ ಸಾಧ್ಯ? ಎಷ್ಟು ತೋಟಾ ಕೊಳ್ಳಬಹುದೆಂಬ ಮಿತಿ ಲೈಸೆನ್ಸಿನಲ್ಲೇ ಇರುತ್ತದೆ, ಪ್ರತಿ ಖರೀದಿಯೂ ನಮೂದಾಗುತ್ತದೆ. ಗುರಿ ಅಭ್ಯಾಸ ಬೇಕೆಂದರೆ ಬೆಂಗಳೂರಿನ ರೈಫಲ್ ಅಸೋಸಿಯೇಷನ್ ಕಡೆ ಮುಖ ಮಾಡಬೇಕು. ತೋಟದಲ್ಲಿ ತೆಂಗಿನಕಾಯಿಗೆ ಹೊಡೆದು ನೋಡುವುದು ಅಭ್ಯಾಸವಲ್ಲ, ಅಪರಾಧ. ಹೀಗಿರುವಾಗ ಲೈಸೆನ್ಸ್ ಪಡೆದ ಬಹಳ ಮಂದಿ ಜೀವನದಲ್ಲಿ ಹಾರಿಸಿದ ಗುಂಡುಗಳು ಬೆರಳೆಣಿಕೆಯವು.

ಅದಕ್ಕೇ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ತಿಂಗಳಿಗೊಮ್ಮೆಯಾದರೂ ರೇಂಜಿಗೆ ಹೋಗಿ, ಬಿಚ್ಚಿ ಒರೆಸಿ ಎಣ್ಣೆ ಹಾಕುವವರಿಗೆ ಪಿಸ್ತೂಲು ಒಳ್ಳೆಯ ಯಂತ್ರ. ಅದು ಆಗದವರು, ಅಂದರೆ ನಮ್ಮಲ್ಲಿ ಬಹುತೇಕರು, ಕೊಳ್ಳಲೇಬೇಕಿದ್ದರೆ ರಿವಾಲ್ವರೇ ಸರಿ. ಭಾರವಾದ ಕುದುರೆ ಗುರಿಗೆ ಅಡ್ಡಿಯಾದರೂ ಅಜಾಗರೂಕ ಬೆರಳಿಗೂ ಅಡ್ಡಿ. ಎರಡು ಗುಂಡು ಹೆಚ್ಚಿದೆ ಎಂಬ ಲೆಕ್ಕಕ್ಕೆ ಬಿದ್ದು, ಬಳಸಲು ಬಾರದ ಯಂತ್ರವನ್ನು ಹೊಟ್ಟೆಗೆ ಒತ್ತಿಕೊಂಡು ಓಡಾಡುವುದು ಬೇಡ.

21 ಅಡಿ

2023ರ ಅಕ್ಟೋಬರ್ 23, ಸೋಮವಾರ. ಅಂದೂ ಆಯುಧಪೂಜೆ. ಶ್ರೀನಿವಾಸಪುರದಲ್ಲಿ ಕಾಂಗ್ರೆಸ್ ಮುಖಂಡ ಎಂ. ಶ್ರೀನಿವಾಸನ್ ಅವರನ್ನು ಗುಂಪೊಂದು ಮಾರಕಾಸ್ತ್ರಗಳಿಂದ ಕೊಚ್ಚಿ ಕೊಂದಿತು. ಅದಕ್ಕೂ ಮುಂಚೆ, 2022ರ ಜೂನ್‌ನಲ್ಲಿ, ಮುಳಬಾಗಿಲಿನಲ್ಲಿ ನಗರಸಭೆ ಸದಸ್ಯ ಜಗನ್‌ಮೋಹನ ರೆಡ್ಡಿ ಅವರನ್ನು ಬೆಳ್ಳಂಬೆಳಿಗ್ಗೆ ಹಾಗೆಯೇ ಕೊಲ್ಲಲಾಯಿತು. ಇಂಥ ಪ್ರತಿ ಕೊಲೆಯ ನಂತರ ಊರಿನ ಪ್ರಮುಖರ ಮನೆಗಳಲ್ಲಿ ಗನ್ ಲೈಸೆನ್ಸಿನ ಮಾತು ಏಳುವುದು ಸಹಜ.

ಆದರೆ ಈ ಸೀಮೆಯಲ್ಲಿ ಸಾವು ದೂರದಿಂದ ಬರುವುದಿಲ್ಲ. ಮಾತಿನ ದೂರದಿಂದ, ಗುಂಪಾಗಿ, ಮಚ್ಚು ಲಾಂಗು ಹಿಡಿದು ಬರುತ್ತದೆ.

ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯುಲರ್ 1983ರಲ್ಲಿ ಇದನ್ನು ಅಳೆದು ಬರೆದರು. ಚಾಕು ಹಿಡಿದ ಸಾಧಾರಣ ದೃಢಕಾಯನೊಬ್ಬ 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಗಿಸುತ್ತಾನೆ. ತರಬೇತಿ ಪಡೆದವನೊಬ್ಬ ಸೊಂಟದ ಚೀಲದಿಂದ ಬಂದೂಕು ಹೊರತೆಗೆದು ಹಾರಿಸಲು ಹಿಡಿಯುವ ಸಮಯವೂ ಅಷ್ಟೇ. ಟ್ಯುಲರ್ ಲೆಕ್ಕದಲ್ಲಿದ್ದದ್ದು ತೆರೆದ ಹೋಲ್‌ಸ್ಟರ್, ಎಚ್ಚರವಿದ್ದ ಪೊಲೀಸ್, ಒಬ್ಬನೇ ಎದುರಾಳಿ. ಶರ್ಟಿನ ಕೆಳಗೆ, ಬೆಲ್ಟಿನ ಬಿಗಿಯಲ್ಲಿ, ಕಾಫಿ ಲೋಟ ಹಿಡಿದ ಕೈಯಿಂದ ತೆಗೆಯುವವನಿಗೆ, ನಾಲ್ಕಾರು ಮಂದಿ ಎದುರಾದಾಗ, ರಿವಾಲ್ವರೋ ಪಿಸ್ತೂಲೋ ಎಂಬ ಭೇದಕ್ಕೆ ಅರ್ಥವೇ ಉಳಿಯುವುದಿಲ್ಲ.

ಜೀವಕ್ಕೆ ನಿಜವಾದ ಅಪಾಯ ಇರುವವರು ಇದನ್ನು ತಿಳಿದಿರಬೇಕು. ಅಪರಿಚಿತರನ್ನು ಗೇಟಿನಾಚೆಯೇ ಮಾತನಾಡಿಸುವುದು, ದಿನವೂ ಒಂದೇ ಹೊತ್ತಿಗೆ ಒಂದೇ ದಾರಿ ಹಿಡಿಯದಿರುವುದು, ಜೊತೆಗೊಬ್ಬರು ಇರುವುದು, ಬೆದರಿಕೆ ಬಂದ ದಿನವೇ ಠಾಣೆಯಲ್ಲಿ ಬರಹದಲ್ಲಿ ದೂರು ಕೊಡುವುದು. ಇವು 21 ಅಡಿಯಾಚೆಗೇ ಕೆಲಸ ಮಾಡುತ್ತವೆ. ನಗದಿನ ಭಯಕ್ಕಾದರೆ ಫೋನಿನ ಪಾವತಿ, ಬ್ಯಾಂಕ್ ವರ್ಗಾವಣೆ ಇವೆ. ಮಂಡಿಯಿಂದ ನೋಟಿನ ಚೀಲ ಹೊರುವ ಕಾಲ ಮುಗಿಯುತ್ತ ಬಂದಿದೆ.

ಗುಂಡು ಹಾರಿಸಿದ ಮೇಲಿನ ಮಾತೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಯ ಹಕ್ಕನ್ನು ಹಿಂದಿನಂತೆಯೇ ಉಳಿಸಿದೆ. ಜೊತೆಗೆ ಅದರ ಮಿತಿಯನ್ನೂ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಗಡಿಕಲ್ಲಿನ ಜಗಳಕ್ಕೆ ರಿವಾಲ್ವರ್ ತೋರಿಸಿದವನು ಆತ್ಮರಕ್ಷಣೆ ಎಂದು ವಾದಿಸಲಾರ. ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಹಾರಿಸಿ ಇತರರ ಪ್ರಾಣಕ್ಕೆ ಕುತ್ತು ತಂದರೆ, 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಬಾಕ್ಸ್

ಕೋಲಾರದವರು ಮರೆಯುವ ಗಡಿ
ಲೈಸೆನ್ಸ್ ಎಲ್ಲಿಯವರೆಗೆ ಊರ್ಜಿತ ಎಂದು ಅದರಲ್ಲೇ ಬರೆದಿರುತ್ತದೆ. ನಂಗಲಿ ದಾಟಿದರೆ ಪಲಮನೇರಿನ ದಾರಿ, ರಾಯಲ್ಪಾಡು ದಾಟಿದರೆ ಮದನಪಲ್ಲಿ, ಮಾಲೂರಿನಿಂದ ದಕ್ಷಿಣಕ್ಕೆ ಹೊಸೂರು. ಟೊಮೆಟೊ ವ್ಯಾಪಾರಕ್ಕೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ಊರುಗಳು ಇವು. ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಇದ್ದರೆ ಗಡಿಯಾಚೆ ಸೊಂಟದಲ್ಲಿರುವುದು ಅಕ್ರಮ ಆಯುಧ. ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸಿನ ಅವಧಿ ಐದು ವರ್ಷ. ಇವೂ 2019ರ ತಿದ್ದುಪಡಿಯಲ್ಲಿ ಬಂದವು.

ಮನೆಯೊಳಗೆ

ದಿನದ ಬಹುಪಾಲು ಆಯುಧ ಇರುವುದು ಮನೆಯಲ್ಲಿ. ಆರ್ಥರ್ ಕೆಲ್ಲರ್ಮನ್ ಮತ್ತು ಸಂಗಡಿಗರು ಅಮೆರಿಕದ ಮೂರು ಕೌಂಟಿಗಳ ಮನೆಗಳನ್ನು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬಂದೂಕು ಇದ್ದ ಮನೆಯಲ್ಲಿ ಕೊಲೆ ನಡೆಯುವ ಅಪಾಯ ಸುಮಾರು 2.7 ಪಟ್ಟು ಹೆಚ್ಚು ಎಂದು ಕಂಡಿತ್ತು. ಅಪಾಯ ಹೆಚ್ಚಾಗಿ ಬಂದದ್ದು ಮನೆಯವರಿಂದ, ಆಪ್ತರಿಂದ. ನಮ್ಮ ಮನೆಗಳು ಬೇರೆ. ಆದರೆ ಕುಡಿತ, ಸಾಲ, ಪಾಲಿನ ಜಗಳ, ಪರೀಕ್ಷೆಯಲ್ಲಿ ಸೋತ ಹುಡುಗನ ಒಂದು ಕೆಟ್ಟ ರಾತ್ರಿ ಇಲ್ಲೂ ಇವೆ. ದಿಂಬಿನ ಕೆಳಗೆ ಆಯುಧ ಇಟ್ಟು ಮಲಗುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಆಯುಧ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ, ಎರಡರ ಕೀಲಿಯೂ ಲೈಸೆನ್ಸ್ ಇದ್ದವರ ಬಳಿಯೇ ಇರಬೇಕು.

ಚುನಾವಣೆ ಬಂದರೆ ಮಾತ್ರ ಬೀರು ಖಾಲಿ. ನೀತಿ ಸಂಹಿತೆ ಜಾರಿಯಾದೊಡನೆ ಜಿಲ್ಲಾ ಮಟ್ಟದ ಸ್ಕ್ರೀನಿಂಗ್ ಸಮಿತಿ ಹೇಳಿದವರು ಆಯುಧವನ್ನು ಠಾಣೆಯಲ್ಲಿ ಡಿಪಾಸಿಟ್ ಮಾಡಿ ರಸೀದಿ ಪಡೆಯಬೇಕು. 2023ರ ವಿಧಾನಸಭಾ ಚುನಾವಣೆಗೆ ಮಾರ್ಚ್ 29ರಿಂದ ಮೇ ಮಧ್ಯದವರೆಗೆ, 2024ರ ಲೋಕಸಭೆಗೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಸಂಹಿತೆ ಇತ್ತು. ಆಯುಧ ವಾಪಸ್ ತರುವಾಗ ಅದರ ನಂಬರನ್ನೂ ಲೈಸೆನ್ಸಿನ ನಮೂದನ್ನೂ ತಾಳೆ ನೋಡಿ, ಎಣ್ಣೆ ಒರೆಸಿಕೊಂಡೇ ಬನ್ನಿ. ತಿಂಗಳುಗಟ್ಟಲೆ ಚೀಲದಲ್ಲಿದ್ದ ಲೋಹಕ್ಕೆ ತುಕ್ಕು ಹತ್ತಿರುತ್ತದೆ.

ಇನ್ನೊಂದು ವಿಷಯ. ಅಪ್ಪನ ರಿವಾಲ್ವರ್ ಜಮೀನಿನ ಪಹಣಿಯಂತೆ ಮಗನ ಹೆಸರಿಗೆ ಬರುವುದಿಲ್ಲ. ಲೈಸೆನ್ಸ್‌ದಾರ ತೀರಿಕೊಂಡರೆ ಕುಟುಂಬದವರು ಆಯುಧವನ್ನು ತಡಮಾಡದೆ ಠಾಣೆಗೆ ಅಥವಾ ಅಧಿಕೃತ ಬಂದೂಕು ವ್ಯಾಪಾರಿಗೆ ಒಪ್ಪಿಸಬೇಕು. ತಿಥಿ ಮುಗಿದು ಪಾಲುಪಟ್ಟಿ ಆಗಲಿ ಎಂದು ಬೀರುವಿನಲ್ಲೇ ಇಟ್ಟರೆ, ಲೈಸೆನ್ಸಿಲ್ಲದೆ ಆಯುಧ ಇಟ್ಟುಕೊಂಡ ಅಪರಾಧಕ್ಕೆ ಮನೆಯವರು ಸಿಕ್ಕಿಬೀಳುತ್ತಾರೆ. ಲೈಸೆನ್ಸ್‌ದಾರನಿಗೆ 70 ತುಂಬಿದಾಗ, ಅಥವಾ ಆಯುಧ ಅವನ ಬಳಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ದಾರಿಯಿದೆ. ವಾರಸುದಾರನಿಗೆ 21 ವರ್ಷ ಆಗಿರಬೇಕು, ಪೊಲೀಸ್ ವರದಿ ಬರಬೇಕು, ಜಿಲ್ಲಾಧಿಕಾರಿ ಒಪ್ಪಬೇಕು. ಮಕ್ಕಳಿಗೆ ಬೇಡವಾದರೆ ಅಧಿಕೃತ ವ್ಯಾಪಾರಿಗೆ ಮಾರಿ, ಲೈಸೆನ್ಸನ್ನು ಜಿಲ್ಲಾಧಿಕಾರಿ ಕಚೇರಿಗೆ ಹಿಂದಿರುಗಿಸಿ ಬರಬಹುದು.